ಗಾಡಿಮನೆಗೆ ಒಂದು ಜಾಗ

೧೯೬೯, ಜನವರಿ ಹದಿನೆಂಟು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ — ಜೀಪಿನ ಬಾನೆಟ್ಟಿನ ಮೇಲೆ ಬೇವಿನ ನೆರಳು ಅಲ್ಲಾಡುತ್ತಿದೆ, ನೆರಳು ಇದೆ, ಸರಿ, ವಿಲ್ಲೆಮ್ ಕಾಗದ ಬರೆದು ಕೇಳಿದ್ದರಲ್ಲಿ ಅದೂ ಒಂದು, ನೆರಳಿರಲಿ, ನೆಲ ಮಟ್ಟವಾಗಿರಲಿ, ಗಟ್ಟಿಯಾಗಿರಲಿ, ಕುಡಿಯುವ ನೀರು ದೂರವಿರಬಾರದು, ಗಾಲಿಯ ಮೇಲಿನ ಮನೆಯೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು ಗಂಡ ಹೆಂಡತಿ ಹಾಲೆಂಡಿನಿಂದ ರಜೆ ಕಳೆಯಲು ಹೊರಟಿದ್ದಾರೆ, ಬರುವ ವಾರ ಇಲ್ಲಿಗೆ, ಮಸ್ಕಿಯ ಅಶೋಕನ ಶಾಸನ ನೋಡಬೇಕಂತೆ, ಮುದಗಲ್ ಕೋಟೆ ನೋಡಬೇಕಂತೆ, ನಾಲೆ ಕಟ್ಟುವಾಗ ನನ್ನ ಜೊತೆ ತಾವೇ ಪರೀಕ್ಷೆ ಮಾಡಿದ್ದ ಇಲ್ಲಿಯ ಮಣ್ಣು ಈಗ ಏನಾಗಿದೆ ನೋಡಬೇಕಂತೆ, ತಂಗುವ ಜಾಗ ನೀನೇ ಆರಿಸು, ಮಣ್ಣು ಬಲ್ಲವನು ನೀನು ಎಂದಿದ್ದಾರೆ. ಅವರ ದೇಶದಲ್ಲಿ ಇಂಥ ಜಾಗಗಳಿಗೆಂದೇ ಪುಸ್ತಕವಿದೆ, ನೀರಿಗೊಂದು ಗುರುತು, ನೆರಳಿಗೊಂದು ಗುರುತು, ಬೆರಳಿಟ್ಟು ಆರಿಸಿಕೊಂಡರೆ ಆಯಿತು — ಇಲ್ಲಿ ಬೆಳಗಿನಿಂದ ನಾನು ಬೆರಳಿಟ್ಟಲ್ಲೆಲ್ಲ ಒಂದೊಂದು ಕೊರತೆ, ಮುದಗಲ್ಲಿನಲ್ಲಿ ಕೋಟೆ ಬಾಗಿಲು ಗಾಡಿಗೆ ಸಾಲದು, ಹೊರಗಿನ ಬಯಲು ದನಗಳದ್ದು, ಲಿಂಗಸುಗೂರಿನ ಬಂಗಲೆಯ ಅಂಗಳ ಇಳಿಜಾರು, ಸಿಂಧನೂರಿನ ಕಡೆ ಕಣ್ಣು ಹಾಯಿಸಿದಷ್ಟೂ ನೆಲ್ಲು, ಎರೆಮಣ್ಣು, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣು, ಗಾಲಿ ಕುಳಿತರೆ ಮುಗಿಯಿತು, ಡ್ರೈವರ್ ದಾವಲ್‌ಸಾಬ್ ಆಗಲೇ ನಕ್ಕಿದ್ದ, ಎರಿಯಾಗ ಸಿಗಬಿದ್ದ ಗಾಡಿ ಎಬ್ಬಿಸಾಕ ಎತ್ತೂ ಹಾಲೆಂಡಿನಿಂದನ ತರಸಬೇಕಾಕ್ಕೈತ್ರಿ ಸಾಬ್ರ, ಅಲ್ರೀ, ಮನಿ ಬೆನ್ನಿಗೆ ಕಟಗೊಂಡು ಅಡ್ಡಾಡಾಕ ಅವರೇನು ಬಸವನಹುಳಾ ಏನ್ರೀ. ಹಿಂದಿನ ಸೀಟಿನಲ್ಲಿ ಕಲ್ಯಾಣಮ್ಮನೂ ನಕ್ಕಳು, ಎಷ್ಟೋ ದಿನದ ಮೇಲೆ ನನ್ನ ಹೆಂಡತಿ ನಕ್ಕಳು, ಮಡಿಲಲ್ಲಿ ವಿಭೂತಿ, ಪತ್ರಿ, ಒಂದು ಅಚ್ಚು ಬೆಲ್ಲ.

ಈ ದಿಬ್ಬದ ನೆನಪು ತೆಗೆದವಳು ಅವಳೇ, ಮನೆಯಲ್ಲಿ, ಹೊರಡುವ ಮೊದಲು. ಹಳೇ ಕ್ಯಾಂಪಿನ ಹಿಂದಿನ ಗರಸು ದಿಬ್ಬ ಇತ್ತಲ್ರೀ, ಅದರ ಹಂತೇಕ ಸಾಹೇಬ್ರಿಗೆ ಜಾಗ ಮಾಡಿಕೊಡ್ರಿ, ಕೂಸಿಗೆ ಎರಡು ರಾತ್ರಿ ಜೋಡಾದರೂ ಆಕ್ಕೈತಿ, ಅವರ ದೀಪಾದರೂ ಕಾಣತೈತಿ, ಖರೆ ಗೂಟ ಮಾತ್ರ ದೂರ ಬಡೀರಿ ಅನ್ನಿರಿ. ಗುರುಲಿಂಗಮ್ಮ ಅಂತ ನನ್ನ ತಾಯಿಯ ಹೆಸರು ಮಗಳಿಗೆ, ಕರೆಯುವುದು ಗುರೂ, ಎರಡು ವರ್ಷ ತುಂಬಿತ್ತು, ತಗಡಿನ ಶೆಡ್ಡು, ಜ್ವರ, ಒದ್ದೆ ಬಟ್ಟೆ ಹಣೆಯ ಮೇಲಿಟ್ಟರೆ ಕ್ಷಣದಲ್ಲಿ ಬಿಸಿ — ನಮ್ಮವರು ಸ್ವಂತ ಹೊಲದಲ್ಲಿ ಮಣ್ಣು ಮಾಡುವವರು, ನಾಲೆ ಕೆಲಸದ ಕ್ಯಾಂಪಿನಲ್ಲಿ ಬದುಕುವವನಿಗೆ ಹೊಲ ಎಲ್ಲಿಯದು, ಸುತ್ತ ಇದ್ದದ್ದು ಎರೆ, ಬೇಸಿಗೆಯಲ್ಲಿ ಎರೆಯ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಿದ್ದವನು ನಾನು, ಅದರೊಳಗೆ ಮಗಳನ್ನು ಹೇಗೆ ಇಡಲಿ, ಎತ್ತರದ ನೆಲ ಬೇಕು, ಗಟ್ಟಿ ನೆಲ, ಸಣ್ಣ ಕಲ್ಲು ಬೆರೆತ ಗರಸು, ನೀರು ಜಿನುಗಬಾರದು, ಬಿರಿಯಬಾರದು, ನೆರಳಿರಬೇಕು, ವಿಲ್ಲೆಮ್ ಈಗ ಕೇಳಿದ್ದನ್ನೆಲ್ಲ ಆವತ್ತು ನಾನು ಅವಳಿಗಾಗಿ ಕೇಳಿದ್ದೆ, ಕೇಳಿ ಈ ದಿಬ್ಬವನ್ನು ಆರಿಸಿದ್ದೆ, ಒಂಟಿ ಬೇವಿನ ಮೂಡಣಕ್ಕೆ. ಗ್ಯಾಂಗಿನ ಮೇಸ್ತ್ರಿ ಪಂಪಣ್ಣ ಹಾರೆ ಊರಿ ಬೆವರೊರೆಸಿಕೊಂಡ, ಮೂರಡಿ ಆತ್ರಿ ಸಾಹೇಬ್ರ, ಕೂಸಿಗೆ ಮೂರಡಿ ಸಾಕು, ಗರಸಿನಾಗ ಹಾರಿ ಇಳಿಯವಲ್ದು. ಹೆಂಗಸರು ಮಣ್ಣಿಗೆ ಬರುವ ಪದ್ಧತಿ ನಮ್ಮಲ್ಲಿರಲಿಲ್ಲ, ಕಲ್ಯಾಣಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು, ಮರುತಿಂಗಳು ಬಳ್ಳಾರಿಗೆ ವರ್ಗ, ಆಮೇಲೆ ಬಳ್ಳಾರಿಯಿಂದ ಇನ್ನೂ ದೂರ, ಚಲೋ ಜಾಗದಾಗ ಇಟ್ಟೀರಿ ಅಲ್ರೀ ಎಂದು ಕತ್ತಲಲ್ಲಿ ಕೇಳುತ್ತಿದ್ದಳು, ಇದಕ್ಕಿಂತ ಭದ್ರ ನೆಲ ಈ ತಾಲೂಕಿನಲ್ಲಿಲ್ಲ ಎನ್ನುತ್ತಿದ್ದೆ, ನಂಬಿ ಮಗ್ಗುಲಾಗುತ್ತಿದ್ದಳು.

ಬೇವು ಅದೇ. ಗುರುತು ಹಿಡಿದೆ, ಎರಡು ಕವಲು, ಒಂದು ದಕ್ಷಿಣಕ್ಕೆ ಬಾಗಿದ್ದು, ಆದರೆ ದಿಬ್ಬವೆಲ್ಲಿ, ದಿಬ್ಬ ಹತ್ತಿದ ನೆನಪಿದೆ, ಹೆಗಲ ಮೇಲಿನ ಭಾರದ ನೆನಪಿದೆ, ಈಗ ಜೀಪು ಹತ್ತಲೇ ಇಲ್ಲ, ರಸ್ತೆಯಿಂದ ನೇರ ಉರುಳಿ ಬಂದು ನಿಂತಿತು, ಸುತ್ತ ಮಟ್ಟ ನೆಲ, ಯಾರದೋ ನೆಲ್ಲಿನ ಕಣ, ಹುಲ್ಲಿನ ಬಣವೆ, ದಾವಲ್‌ಸಾಬ್ ಹಿಮ್ಮಡಿಯಿಂದ ನೆಲ ಗುದ್ದಿ ನೋಡುತ್ತಾನೆ, ಮಸ್ತ್ ಜಾಗ ಐತ್ರಿ ಸಾಬ್ರ, ಹೋದ ವರ್ಷ ಇಲ್ಲಿ ನಾನ ಲಾರಿ ಹೊಡದೀನಿ, ದಿಬ್ಬ ಪೂರಾ ಕಡದು ಗರಸು ಒಯ್ದು ರಸ್ತೆಕ್ಕ ಹಾಕೀವಿ, ಈಗ ಬಂದ್ವೆಲ್ರೀ ಅದ ರಸ್ತೆ, ಅದಕ್ಕ ನೆಲ ನೋಡ್ರಿ, ಕೇರಂ ಬೋರ್ಡ್ ಆಗೈತಿ. ಅವನಿಗೆ ಗೊತ್ತಿಲ್ಲ, ಅವನಿಗೆ ಹೇಳಿಲ್ಲ, ಹುಡುಕುತ್ತಿರುವುದು ಗಾಡಿಗೆ ಜಾಗ ಎಂದಷ್ಟೇ ಹೇಳಿದ್ದು. ಅವನ ಮಾತು ಅವಳು ಕೇಳಿಸಿಕೊಂಡಳೇ, ಇಲ್ಲ, ಜೀಪಿನ ಆ ಬದಿಯಲ್ಲಿ ಇಳಿಯುತ್ತಿದ್ದಾಳೆ, ಚಪ್ಪಲಿ ಬಿಟ್ಟಳು, ಬರಿಗಾಲು, ಕಣದ ಅಂಚಿನಲ್ಲಿ ನಿಂತಳು, ಮುಂದೆ ಬರುವುದಿಲ್ಲ, ಎಲ್ಲಿ ಕಾಲಿಡ್ಲಿ ಹೇಳ್ರಿ, ತಿಳೀದ ಕೂಸಿನ ಮ್ಯಾಲ ಕಾಲಿಟ್ಟಗಿಟ್ಟೇನು.

ಬೇವನ್ನು ಮಾತ್ರ ಕಡಿಯದೆ ಬಿಟ್ಟಿದ್ದಾರೆ, ಅದರ ಬುಡಕ್ಕಷ್ಟು ಹಳೆಯ ದಿಬ್ಬ ಉಳಿದಿದೆ, ಕಡಿದ ಗೋಡೆಯಂಥ ಕಟ್ಟೆ, ಮೇಲೆ ಒಣ ಹುಲ್ಲು, ಪಕ್ಕದಲ್ಲಿ ಹೊರಚಾಚಿದ ಬೇರು, ಆವತ್ತಿನ ನೆಲದ ಮಟ್ಟ ಆ ಹುಲ್ಲಿನದು, ಜೇಬಿನಲ್ಲಿ ಟೇಪಿದೆ, ಗಾಡಿಯ ಉದ್ದಗಲಕ್ಕೆಂದು ತಂದ ಟೇಪು, ಅಳೆಯದೆಯೂ ಇರಬಹುದು, ಇಕೋ ಇಲ್ಲಿ ಎಂದು ಎಲ್ಲಾದರೂ ಒಂದು ಕಡೆ ಬೆರಳು ತೋರಿಸಬಹುದು, ಅವಳು ಬೆಲ್ಲ ಇಡುತ್ತಾಳೆ, ಪತ್ರಿ ಇಡುತ್ತಾಳೆ, ಆಮೇಲೆ ವಿಲ್ಲೆಮ್ ಬರುತ್ತಾರೆ, ಕಿಟಕಿಗೆ ದೀಪ ಹಚ್ಚುತ್ತಾರೆ, ಯಾರಿಗೆ — ಕೈ ಆಗಲೇ ಟೇಪು ಬಿಚ್ಚುತ್ತಿದೆ, ಕೈಗೆ ಅದೊಂದೇ ಗೊತ್ತು, ಕಡಿದದ್ದು ಪಂಪಣ್ಣ ತೋಡಿದ ಮೂರಡಿಗಿಂತ ಕಡಿಮೆ ಬರಲಿ, ಒಂದು ಅಂಗುಲ ಕಡಿಮೆ ಬಂದರೂ ಸಾಕು, ಬುಡದಲ್ಲಿ ಧೂಳು ಕೂತಿರಬಹುದು, ಮೇಲೆ ಯಾರೋ ಮಣ್ಣು ಏರಿಸಿರಬಹುದು, ಇನ್ನೊಂದು ಬದಿಯಲ್ಲೂ ನೋಡುತ್ತೇನೆ, ಅಲ್ಲೂ ಅಷ್ಟೇ, ಹಿಂದೆ ಅವಳ ಬರಿಗಾಲು, ಬೆರಳುಗಳಿಂದ ನೆಲ ಒತ್ತಿ ಹಿಡಿದ ಬರಿಗಾಲು, ಏನ್ರೀ, ಹೇಳ್ರಿ, ಎಲ್ಲಿ ಇಡ್ಲಿ, ಆ ಬರಿಗಾಲು, ಕಟ್ಟೆಯ ಎತ್ತರ ಮೂರು ಅಡಿ ನಾಲ್ಕು ಅಂಗುಲ.