ಬಾಗಿಲು ಹಿಡಿದು ನಿಲ್ಲುವವನು

ಮನೊಂಗ್ ಕ್ರಿಸಾಂತೊ ಮನೆಯೊಳಗೆ ಬಂದ ಮೇಲೂ ಬಾಗಿಲು ಹಾಕುತ್ತಿರಲಿಲ್ಲ. ಹೊರಗೆ ಮೈನಸ್ ಮೂವತ್ತರ ಚಳಿ, ಕೆನಡಾದ ಸಸ್ಕಾಚೆವಾನ್ ಪ್ರಾಂತದ ಬಯಲಿನಿಂದ ಬೀಸುವ ಗಾಳಿ ಹಿಮದ ಪುಡಿಯನ್ನು ಹಜಾರದವರೆಗೂ ತಂದು ಚೆಲ್ಲುತ್ತಿದ್ದರೂ, ಆತ ಬಾಗಿಲ ಹಿಡಿಯನ್ನು ಬಿಡದೆ, ತುಸು ಬಾಗಿ, ಕುಂಟುವ ಮುದುಕನೊಬ್ಬ ಹೊಸ್ತಿಲು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು, ಆಮೇಲೆ ಮೆಲ್ಲಗೆ, ಯಾರ ಹಿಮ್ಮಡಿಗೂ ತಗಲದಂತೆ ಮುಚ್ಚುತ್ತಿದ್ದ. ಅದೇ ಮನೆಯ ನೆಲಮಾಳಿಗೆಯ ಕೋಣೆಯಲ್ಲಿದ್ದ ನಾನು ಮೊದಮೊದಲು ಬೈಯುತ್ತಿದ್ದೆ. ಬರಬರುತ್ತ ಬೈಯುವ ಧೈರ್ಯವೂ ಉಳಿಯಲಿಲ್ಲ.

ನಾವಿಬ್ಬರೂ ಫಿಲಿಪೀನ್ಸಿನ ಇಲೊಇಲೊ ಕಡೆಯವರು; ನಮ್ಮಲ್ಲಿ ಅಣ್ಣನ ವಯಸ್ಸಿನವರಿಗೆ ಮನೊಂಗ್ ಎನ್ನುವುದು ವಾಡಿಕೆ. ಐವತ್ತರ ಅಂಚಿನ ಕೃಶಕಾಯ, ವೆಲ್ಡಿಂಗ್ ಕಿಡಿ ಸಿಡಿದು ತೂತುಬಿದ್ದ ಕಂದು ಕೋಟು, ಏನು ಕೇಳಿದರೂ ಮೊದಲು "ನೋಡೋಣಂತೆ" ಎನ್ನುವ ಚಟ. ಹ್ಯಾಲ್ಕೆಟ್ ಎಂಬ ಆ ಪುಟ್ಟ ಊರಿನಲ್ಲಿ ಓರೆಸ್ಟ್ ಡಾನಿಲುಕ್ ಎಂಬ, ಕೋಲೂರಿ ಕುಂಟುವ ಮುದುಕನ ವರ್ಕ್‌ಶಾಪಿನಲ್ಲಿ ಬಿತ್ತನೆ ಯಂತ್ರಗಳನ್ನು ಬೆಸೆಯುತ್ತಿದ್ದ. ಮುದುಕ ಕೊಟ್ಟ ಕೆಲಸದ ಪತ್ರದ ಬಲದಿಂದ ಪ್ರಾಂತ ಸರ್ಕಾರವು, ಈ ಕುಶಲಕರ್ಮಿ ನಮಗೆ ಬೇಕೆಂದು ಆತನನ್ನು ನಾಮನಿರ್ದೇಶನ ಮಾಡಿತ್ತು. ಕಾಯಂ ವಾಸದ ಕಾಗದವೊಂದು ಬಾಕಿ. ಅದು ಬಂದರೆ ಹೆಂಡತಿ ರೊಸೆಂದಾಳೂ ಮಗಳೂ ಬರಬಹುದು. ಅಷ್ಟರೊಳಗೆ ಕೆಲಸ ಹೋದರೆ ನಾಮನಿರ್ದೇಶನವೂ ಹೋದಂತೆಯೇ. ಒಂಬತ್ತು ವರ್ಷದಿಂದ ಮಗಳು ಬೆಳೆದದ್ದನ್ನು ಫೋನಿನ ಪರದೆಯಲ್ಲೇ ಕಂಡ ಮನುಷ್ಯನಿಗೆ ಆ ಮುದುಕನ ಸಹಿಯೇ ಸರ್ವಸ್ವವಾಗಿತ್ತು.

ಆ ಮುದುಕ ಜನವರಿಯಲ್ಲಿ ತೀರಿಕೊಂಡ. ದೂರದಿಂದ ಬಂದ ಆತನ ಮಗಳು ವರ್ಕ್‌ಶಾಪಿನ ಫೋನ್ ಸಂಪರ್ಕ ತೆಗೆಸಿ, ಬೀಗದ ಕೈಯನ್ನು ಕ್ರಿಸಾಂತೊನ ಕೈಗಿಟ್ಟು, "ಒಪ್ಕೊಂಡಿರೋ ರಿಪೇರಿ ಮುಗಿಸ್ತಾ ಇರು, ಮುಂದಿಂದು ಚಳಿ ಕಳೀಲಿ ಆಮೇಲೆ" ಅಂದಳು.

ನಮ್ಮವರಲ್ಲಿ ಒಂದು ಕಟ್ಟಳೆಯಿದೆ. ಸಾವಿನ ಮನೆಯಿಂದ ಯಾರೂ ನೇರವಾಗಿ ಮನೆಗೆ ಹೋಗುವುದಿಲ್ಲ. ನಡುವೆ ಎಲ್ಲಾದರೂ ನಿಂತು, ಬೆನ್ನಿಗೆ ಬಿದ್ದ ಸತ್ತವರನ್ನು ಅಲ್ಲೇ ಕೊಡವಿಕೊಂಡು ಬರಬೇಕು. ಇದಕ್ಕೆ ಪಗ್‌ಪಗ್ ಎಂದು ಹೆಸರು. ಅಂತ್ಯಸಂಸ್ಕಾರ ಮುಗಿಸಿ ಊರಿನ ನಾವು ಹತ್ತು ಹನ್ನೆರಡು ಮಂದಿಯೂ ಪೆಟ್ರೋಲ್ ಬಂಕಿಗೆ ಕಾಫಿ ಕುಡಿಯಲು ಹೊರಟೆವು. ಕ್ರಿಸಾಂತೊ ಮಾತ್ರ ಮನೆಯತ್ತ ತಿರುಗಿದ.

"ಅಯ್ಯೋ ಮನೊಂಗ್, ತಲೆ ಕೆಟ್ಟಿದ್ಯಾ? ಮುದುಕ ಹಿಂದೇನೇ ಬರ್ತಾನೆ!"

"ಬರ್ಲಿ ಅಂತಾನೇ ಹೋಗ್ತಿರೋದು ತಮ್ಮಾ. ಆತ ಇಲ್ದಿದ್ರೆ ನನ್ನ ಕಾಗದಕ್ಕೆ ದಿಕ್ಕು ಯಾರು?"

ಹಾಡುಹಗಲು, ಹನ್ನೊಂದು ಗಂಟೆ. ಬಂಕಿನ ಕಿಟಕಿಯಿಂದ ನಮ್ಮ ಮನೆಯತ್ತ ನೋಡಿದೆ. ಆತ ಬಾಗಿಲು ತೆರೆದು ಒಳಗೆ ಕಾಲಿಟ್ಟು, ಮೊದಲ ಬಾರಿಗೆ, ಹಾಗೆ ಹಿಡಿದು ನಿಂತ.

ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ನಾನು ಮಲಗುತ್ತಿದ್ದುದು ಹಗಲಲ್ಲಿ. ಕ್ರಿಸಾಂತೊ ಕೆಲಸಕ್ಕೆ ಹೋದ ಮೇಲೆ ನನ್ನ ತಲೆಯ ಮೇಲಿನ ಹಲಗೆಗಳಲ್ಲಿ ಎಡಗಾಲು ಎಳೆದ ಸದ್ದು, ಬೆನ್ನಿಗೇ ಕೋಲಿನ ಟಕ್ ಎಂಬ ಸದ್ದು, ಕುರ್ಚಿ ಸರಿದ ಸದ್ದು ಕೇಳಿಸುತ್ತಿತ್ತು. ಒಂದು ದಿನ ಎದೆ ಗಟ್ಟಿಮಾಡಿಕೊಂಡು ಮೇಲೆ ಹೋದೆ. ಯಾರೂ ಇಲ್ಲ. ಮುದುಕನ ರುಚಿಗೆ ಮೂರು ಚಮಚ ಸಕ್ಕರೆ ಹಾಕಿ ಮನೊಂಗ್ ಬೆಳಿಗ್ಗೆ ತುಂಬಿಸಿಟ್ಟುಹೋಗಿದ್ದ ಕಾಫಿ ಅರ್ಧಕ್ಕೆ ಇಳಿದಿತ್ತು. ನಿಜ ಹೇಳುತ್ತೇನೆ, ಅವತ್ತು ನಾನು ನಿದ್ದೆ ಮಾಡಲಿಲ್ಲ.

ಫೆಬ್ರವರಿಯಲ್ಲಿ ಸರ್ಕಾರಿ ಕಚೇರಿಯಿಂದ ಪತ್ರ ಬಂತು: ನಿಮ್ಮ ಮಾಲೀಕರೊಂದಿಗೆ ವರ್ಕ್‌ಶಾಪಿನ ಫೋನಿನಲ್ಲಿ ಒಂಬತ್ತನೆಯ ತಾರೀಖು ಮಾತನಾಡಿದ್ದೇವೆ, ನಿಮ್ಮ ಕೆಲಸ ಕಾಯಂ ಎಂದು ಅವರು ದೃಢಪಡಿಸಿದ್ದಾರೆ. ಅಷ್ಟರಲ್ಲಿ ಮುದುಕ ಮಣ್ಣು ಸೇರಿ ಇಪ್ಪತ್ತಾರು ದಿನಗಳಾಗಿದ್ದವು.

"ಮಾತಾಡಿದ್ದು ಯಾರು ಮನೊಂಗ್?" ಎಂದು ಕೇಳಿದೆ.

"ಮಾಲೀಕರು ಅಂತ ಬರ್ದಿಲ್ವಾ? ಓದಕ್ಕೆ ಬರಲ್ವಾ ನಿಂಗೆ?" ಎಂದು ಗದರಿ, ಪತ್ರವನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡ.

ಕಾಗದ ಜೂನಿನಲ್ಲಿ ಬಂತು. ಕಾಗದ ಕೈಗೆ ಬಂದ ವಾರವೇ ಪಕ್ಕದ ಪ್ರಾಂತದ ಮಹಾನಗರ ಕ್ಯಾಲ್ಗರಿಗೆ ಗಂಟುಮೂಟೆ ಕಟ್ಟುವುದು ನಮ್ಮವರ ಪರಿಪಾಠ. ನನ್ನದೂ ಅದೇ ತಿಂಗಳು ಬಂದಿತ್ತು, ನಾನೂ ಕಟ್ಟಿದೆ. ನೀನೂ ಬಾ ಎಂದು ಕರೆದೆ. ನೋಡೋಣಂತೆ ಎಂಬ ಮಾತು ಅಂದು ಆತನ ಬಾಯಿಂದ ಬರಲಿಲ್ಲ.

"ಮುದುಕನ್ನ ಕರ್ಕೊಂಡ್ ಬಂದೋನು ನಾನೇ. ಕೆಲ್ಸ ಆಯ್ತು, ಇನ್ನು ನೀನು ಹೊರಡು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮುದುಕನ ಮಗಳು ವರ್ಕ್‌ಶಾಪನ್ನು ಆತನಿಗೇ ಬಾಡಿಗೆಗೆ ಬಿಟ್ಟುಕೊಟ್ಟಳು. ಅಕ್ಟೋಬರಿನಲ್ಲಿ ರೊಸೆಂದಾ ಬರುವ ದಿನ ನಾನೂ ಹ್ಯಾಲ್ಕೆಟ್ಟಿಗೆ ಹೋಗಿದ್ದೆ. ಮನೆಯ ವಿಷಯವನ್ನು ಆಕೆಗೆ ನಾನಂತೂ ಹೇಳಿರಲಿಲ್ಲ, ಆತನೂ ಹೇಳಿರಲಿಲ್ಲವಂತೆ. ತಾಯಿ ಮಗಳು ಒಳಗೆ ಬಂದರು, ಅವರ ಹಿಂದೆ ನಾನು ಬಂದೆ, ಆತ ಎಂದಿನಂತೆ ಬಾಗಿಲು ಹಿಡಿದು ನಿಂತ. ರೊಸೆಂದಾ ಹೊಸ್ತಿಲಿನತ್ತ ಒಮ್ಮೆ ನೋಡಿ, ಮಗಳ ತೋಳು ಹಿಡಿದು ಗೋಡೆಗೆ ಸರಿಸಿದಳು.

"ದಾರೀಲಿ ನಿಂತ್ಕೋಬೇಡ್ವೇ. ತಾತ ಬರ್ತಿದ್ದಾರೆ, ಕಾಣಲ್ವಾ?"

ಪರನಾಡಿನಲ್ಲಿ ನೆಲೆಯೂರಲು ಸರ್ಕಾರದ ಒಪ್ಪಿಗೆಯೊಂದಿದ್ದರೆ ಸಾಕೆಂದು ನಂಬಿದವರು ನನ್ನಂಥವರು. ಕ್ರಿಸಾಂತೊನಂಥವರು ಆ ನೆಲದ ಸತ್ತವರಲ್ಲಿ ಒಬ್ಬರನ್ನಾದರೂ ತಮ್ಮವರನ್ನಾಗಿ ಮಾಡಿಕೊಂಡು, ಅವರ ಕುಂಟುನಡೆಗೆ ತಮ್ಮ ನಡೆಯನ್ನು ಹೊಂದಿಸಿಕೊಂಡು ಅಲ್ಲೇ ಉಳಿಯುತ್ತಾರೆ. ಕ್ಯಾಲ್ಗರಿಯಲ್ಲಿ ಕೆಲಸ ಮುಗಿಸಿ ಬಂದು ನಾನೂ ಒಮ್ಮೊಮ್ಮೆ ಬಾಗಿಲು ಹಿಡಿದು ನಿಲ್ಲುತ್ತೇನೆ. ಚಳಿ ಮಾತ್ರ ಒಳಗೆ ಬರುತ್ತದೆ.