ಮಣ್ಣುಗಳ್ಳಿ

ವಿಜಾಪುರ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ. ಕಾಂದಿವಲಿಯ ಗುಡ್ಡದ ಓರೆಯಲ್ಲಿ ಚಂದ್ರವ್ವನಿಗೊಂದು ಹೊಲವಿತ್ತು. ಹೊಲ ಎನ್ನುತ್ತಿದ್ದವಳು ಅವಳೊಬ್ಬಳೇ. ನೋಡಿದವರು ನಾಲ್ಕು ಜಮಖಾನೆ ಹಾಸುವಷ್ಟು ಜಾಗ ಎಂದು ನಗುತ್ತಿದ್ದರು. ಕಾರಖಾನೆಯ ಪಹರೆಯವನಾಗಿದ್ದ ಗಂಡ ಸಿದ್ದಲಿಂಗಪ್ಪ ಮಾಲೀಕರ ಒಪ್ಪಿಗೆ ಪಡೆದು ತಾವಿದ್ದ ಚಾಳಿನ ಹಿಂದಿನ ಆ ಪಾಳು ಜಾಗ ಕೊಡಿಸಿದ್ದ. ವಿಜಾಪುರದ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದಕ್ಕಿಂತ ದೊಡ್ಡ ಒಡವೆ ಬೇಕಿರಲಿಲ್ಲ.

ಮುಂಬಯಿಗೆ ಬಂದ ಮೇಲೆ ಎಳ್ಳಮವಾಸ್ಯೆ ಬಂತೆಂದರೆ ಅವಳಿಗೆ ಕಣ್ಣೀರು. ಅವತ್ತು ಊರಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಯ ನಡುವೆ ಅದನ್ನು ಎರಚಿ ಭೂಮಿತಾಯಿಗೆ ಉಣಿಸುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಚಾಳಿನ ಅಂಗಳದಲ್ಲಿ ಚೆಲ್ಲಿದರೆ ಕಾಗೆ ಉಂಡೀತು, ಅಷ್ಟೇ. ಈ ಸಲ ಜೋಳ ಬೆಳೆದು ಚರಗ ಚೆಲ್ಲಿಯೇ ತೀರುತ್ತೇನೆಂದು ಧಾರಾವಿಯಲ್ಲಿದ್ದ ಊರ ಕಡೆಯವರಿಗೆಲ್ಲ ಹೇಳಿಬಿಟ್ಟಿದ್ದಳು.

ಹೇಳಿದ್ದೇನೋ ಹೇಳಿದಳು, ಹೊಲ ಮಾತ್ರ ಸವೆಯುತ್ತಿತ್ತು. ಮೇಲಿನ ಅಂಚಿನಲ್ಲಿ ಬಂಡೆ ತಲೆ ಎತ್ತಿತ್ತು. ಕೆಳಗೆ ಉಡುಪಿ ಕಡೆಯ ಚಂಪಾಳ ಹಿತ್ತಿಲು. ಅವಳ ಗಂಡ ಅಂಗಾರ ಒಂದು ಹೋಟೆಲಿನಲ್ಲಿ ಅಡಿಗೆಯವನು. ಚಂಪಾಳ ಬಸಳೆಬಳ್ಳಿ ಚಪ್ಪರ ಮೀರಿ ಹಬ್ಬಿತ್ತು. ಅದರ ಬುಡದಲ್ಲಿ ಮೆತ್ತನೆಯ ಮಣ್ಣು ದಿನೇದಿನೇ ಏರುವುದನ್ನು ಕಂಡು ಚಂದ್ರವ್ವನ ಹೊಟ್ಟೆ ಉರಿಯಿತು.

“ಮಳಿಗೆ ಹರದು ಹೋಗಿರಬೇಕು, ಬಿಡ,” ಎಂದ ಸಿದ್ದಲಿಂಗಪ್ಪ.

“ಮಳಿ ನಿಂತು ಎಷ್ಟು ದಿನ ಆತ್ರೀ? ಈಗೂ ಹೊಂಟದ! ಆಕಿ ಬುಟ್ಟಿಲೆ ಹೊರತಾಳ, ಮಣ್ಣುಗಳ್ಳಿ!”

ಕಳ್ಳಿಯನ್ನು ಹಿಡಿಯಲು ಅವಳು ಉಪಾಯ ಹೂಡಿದಳು. ಒಡೆದ ಹಂಚಿನ ಚೂರುಗಳಿಗೆ ಸುಣ್ಣ ಬಳಿದು ಹೊಲದ ಕೆಳಗಿನ ಅಂಚಿನುದ್ದಕ್ಕೂ ಗೇಣುದ್ದ ಮಣ್ಣಿನಡಿ ಹೂತಳು. ಮಣ್ಣು ಕದ್ದರೆ ಚೂರೂ ಹೋಗಬೇಕಲ್ಲ! ಇದರ ಜೊತೆಗೆ ಬಿತ್ತನೆಗೆ ನೆಲ ಹದ ಮಾಡುವ ಕೆಲಸ ಇದ್ದೇ ಇತ್ತು. ಇರುವಷ್ಟು ಮಣ್ಣಾದರೂ ಹುಡಿಯಾಗಲಿ ಎಂದು ಹೊಲವನ್ನು ಮತ್ತೆ ಮತ್ತೆ ಅಗೆದಳು. ಎರೆನೆಲದಲ್ಲಿ ಒಳ್ಳೆಯ ಹೆಂಗಸೆಂದರೆ ಹಾಗೆ ದುಡಿಯುವವಳೇ.

ಒಂದು ಮುಂಜಾನೆ ಬಸಳೆಯ ಬುಡದಲ್ಲಿ ಬಿಳಿ ಚೂರುಗಳು ಕಂಡವು. ಚಂದ್ರವ್ವ ಸೆರಗು ಸಿಗಿಸಿ ನಿಂತಳು. ಅವಳ ದನಿಗೆ ಇಡೀ ಚಾಳು ಹೊರಗೆ ಬಂತು.

“ಸಿಕ್ಕಿಬಿದ್ದಿ ನೋಡು! ನನ್ನ ಹಂಚು ನಿನ್ನ ಹಿತ್ತಲಾಗ ಹೆಂಗ ಬಂದ್ವು?”

ಚಂಪಾ ಕಕ್ಕಾಬಿಕ್ಕಿಯಾದಳು. “ನಾನು ಮುಟ್ಟಲೇ ಇಲ್ಲ ಮಾರಾಯ್ತಿ! ದಿನಾ ಇಲ್ಲಿ ಗುದ್ದಲಿ ಹಿಡಿದು ನಿಲ್ಲುದು ನೀವೇ ಅಲ್ವಾ ಅಕ್ಕ? ನನ್ನೆದುರು ಒಮ್ಮೆ ಅಗೆದು ತೋರಿಸಿ.”

ಅದಕ್ಕೇನು ಹೆದರಿಕೆ? ಚಂದ್ರವ್ವ ಎಂದಿನಂತೆ ಕೆಳಗೆ ನಿಂತು, ಏರಿನ ಕಡೆ ಮುಖ ಮಾಡಿ ಗುದ್ದಲಿ ಬೀಸಿ ತನ್ನತ್ತ ಎಳೆದಳು. ಮಣ್ಣು ಕಾಲ ಸಂದಿಯಲ್ಲಿ ಜಾರಿ ಗಡಿ ದಾಟಿತು. ಇನ್ನೊಂದು ಎಳೆತ. ಈ ಸಲ ಒಂದು ಬಿಳಿ ಚೂರು ಉರುಳುರುಳಿ ಹೋಗಿ ಚಂಪಾಳ ಕಾಲ ಹೆಬ್ಬೆರಳಿಗೆ ಬಡಿಯಿತು.

ಸಪಾಟು ನೆಲದಲ್ಲಿ ಎಳೆದ ಮಣ್ಣು ಎಳೆದಲ್ಲೇ ಬಿದ್ದಿರುತ್ತಿತ್ತು. ಇಲ್ಲಿ ಪ್ರತಿ ಪೆಟ್ಟಿಗೂ ಒಂದು ಮೊಳ ಕೆಳಗಿಳಿಯುತ್ತಿತ್ತು.

“ಯವ್ವಾ, ನಾನs ಕಳ್ಳಿ!” ಎಂದು ಚಂದ್ರವ್ವ ಹಣೆ ಚಚ್ಚಿಕೊಂಡಳು. ಮೊದಲು ನಕ್ಕವಳೂ ಅವಳೇ. ಚಂಪಾ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು.

ನಗು ಇಳಿದ ಮೇಲೆ ಚಂದ್ರವ್ವನ ಮುಖವೂ ಇಳಿಯಿತು. ಬಿತ್ತುವ ಹೊತ್ತು ಮೀರುತ್ತಿತ್ತು, ಮೇಲಿನ ಹೊಲದಲ್ಲಿ ಬೇರು ಬಿಡುವಷ್ಟು ಮಣ್ಣಿರಲಿಲ್ಲ. ಚಂಪಾ ಅವಳನ್ನೊಮ್ಮೆ ನೋಡಿದಳು, ಚಪ್ಪರವನ್ನೊಮ್ಮೆ ನೋಡಿದಳು, ಅರ್ಧ ಬಸಳೆಯನ್ನು ಕಿತ್ತುಹಾಕಿದಳು.

“ಮಣ್ಣು ಎಲ್ಲಿ ಉಂಟೋ ಅಲ್ಲಿಯೇ ಬಿತ್ತಿ ಅಕ್ಕ. ಕಲ್ಲು ಹೆಕ್ಕಿ ನಿಮ್ಮ ಹೊಲದ ಅಂಚಿಗೆ ಅಡ್ಡಕ್ಕೆ ಒಂದು ಕಟ್ಟ ಕಟ್ಟುವ. ಇನ್ನು ಅಡ್ಡಕ್ಕೇ ಅಗೆಯುದು, ಕೆಳಗೆ ಎಳೆಯುದು ಬೇಡ.”

ಅಂದಿನಿಂದ ಇಬ್ಬರೂ ಕಲ್ಲು ಹೊತ್ತರು, ಬುಟ್ಟಿ ಬುಟ್ಟಿ ಮಣ್ಣು ಮೇಲೇರಿಸಿದರು. ದಾರಿಯುದ್ದಕ್ಕೂ ಬರೀ ಹರಟೆ.

ಎಳ್ಳಮವಾಸ್ಯೆಯ ದಿನ ಧಾರಾವಿಯವರು ಲೋಕಲ್ ಹಿಡಿದು ಬಂದಿಳಿದರು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಘಮ ಗುಡ್ಡವಿಡೀ ಹಬ್ಬಿತು. ಮೇಲಿನ ಜೋಳ ಮೊಣಕಾಲೆತ್ತರ. ಚಂಪಾಳ ಹಿತ್ತಿಲದ್ದು ಆಳೆತ್ತರ ನಿಂತು ತೆನೆ ತೂಗುತ್ತಿತ್ತು. ಚಂದ್ರವ್ವ ಹೊಸ ಇಳಕಲ್ ಸೀರೆಯುಟ್ಟು, ಕೂಗು ಹಾಕುತ್ತ ಚರಗ ಚೆಲ್ಲಿದಳು. ಎಷ್ಟೋ ವರ್ಷಗಳ ಬಯಕೆ. ಕಲ್ಲಿನ ಕಟ್ಟದ ಹತ್ತಿರ ಬಂದರೂ ನಿಲ್ಲಲಿಲ್ಲ, ದಾಟಿ ಕೆಳಗಿಳಿದಳು.

“ಎಲ್ಲಿ ಹೊಂಟಿ? ನಿನ್ನ ಹೊಲ ಅಲ್ಲೇ ಮುಗೀತಲ್ಲ!” ಎಂದು ಧಾರಾವಿಯ ಬಸಲಿಂಗವ್ವ ಕೂಗಿದಳು.

“ನನ್ನ ಮಣ್ಣು ಇಲ್ಲೀತನಕ ಬಂದದ ಬೇ. ಅದೇನು ಉಪವಾಸ ಇರಬೇಕೇನು?” ಎನ್ನುತ್ತ ಚಂದ್ರವ್ವ ಉಳಿದ ಬಸಳೆಯ ಬುಡಕ್ಕೂ ಒಂದು ಹಿಡಿ ಎರಚಿದಳು. ಮತ್ತೊಂದು ಹಿಡಿ ಕೈಗೆತ್ತಿಕೊಂಡು, ನಗುತ್ತ ನಿಂತಿದ್ದ ಚಂಪಾಳ ಬಾಯಿಗಿಟ್ಟಳು.