ಪೊರೆಯ ಕೋಣೆ

ಆ ವಿಭಾಗದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಜಿಗುಟು. ಬೆರಳ ಸಂದಿಯಲ್ಲಿ ಸದಾ ಒಣಗಿದ ಪ್ಲಾಸ್ಟಿಕ್ ಪಾಕ ಅಂಟಿಕೊಂಡಿರುತ್ತಿದ್ದದ್ದು ಒಂದು ಕಾರಣ. ಹಿಡಿದದ್ದನ್ನು ಬಿಡುವ ಜಾತಿಯವಳಲ್ಲ ಎನ್ನುವುದು ಇನ್ನೊಂದು. ಹೆಸರಿಟ್ಟವರು ಅವಳ ಪಿಎಚ್‌ಡಿ ಗೈಡ್. ಅವರನ್ನು ವಿದ್ಯಾರ್ಥಿಗಳು ಎದುರಿಗೆ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಮೇಷ್ಟ್ರು. ಅದರಲ್ಲಿ ಗೇಲಿ ಇರಲಿಲ್ಲ. ವಿದ್ಯಾರ್ಥಿಗಳ ಊಟದ ಡಬ್ಬಿಗೆ ಕೈ ಹಾಕಿ ತಿನ್ನುವಷ್ಟು ಸಲಿಗೆಯ ಮನುಷ್ಯ ಅವರು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳೆ ನೀರನ್ನು ಸೋಸುವ ಪೊರೆ ತಯಾರಿಸುವುದು ಅವರ ಕೆಲಸ. ಬಣ್ಣ ಪೊರೆಯ ಈಚೆ ನಿಲ್ಲಬೇಕು, ಉಪ್ಪುನೀರು ಆಚೆ ಇಳಿಯಬೇಕು, ಎರಡನ್ನೂ ಕಾರ್ಖಾನೆ ಮತ್ತೆ ಬಳಸುವಂತಿರಬೇಕು. ಜೇನಿನಷ್ಟು ಮಂದವಾದ ಪಾಕವನ್ನು ಗಾಜಿನ ಹಲಗೆಯ ಮೇಲೆ ಸುರಿದು, ಉಕ್ಕಿನ ಪಟ್ಟಿಯಿಂದ ತೆಳ್ಳಗೆ ಎಳೆದು, ಹಲಗೆ ಸಮೇತ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ, ಕಣ್ಣಿಗೇ ಕಾಣದಿದ್ದ ಪದರ ನೋಡನೋಡುತ್ತ ಬೆಳ್ಳಗಾಗಿ ಗಾಜು ಬಿಟ್ಟು ಎದ್ದು ತೇಲುತ್ತಿತ್ತು. ಜಿಗುಟು ಅದನ್ನು ಸಾವಿರ ಸಲ ನೋಡಿದ್ದಳು. ಆದರೂ ಪ್ರತಿ ಸಲ ತೊಟ್ಟಿಯ ಮೇಲೆ ಬಗ್ಗಿ ನಿಲ್ಲುತ್ತಿದ್ದಳು.

ಮಳೆ ಹಿಡಿದ ಮೇಲೆ ಪೊರೆ ಕೈಕೊಡತೊಡಗಿತು. ಬೇಸಿಗೆಯಲ್ಲಿ ಒಂದು ಹನಿ ಬಣ್ಣವನ್ನೂ ಬಿಡದಿದ್ದ ಪೊರೆ ಈಗ ಜರಡಿಯಂತಾಗಿತ್ತು. ಪಾಕ ಬದಲಾಯಿಸಿದರು, ಪಟ್ಟಿ ಬದಲಾಯಿಸಿದರು, ಒಬ್ಬರನ್ನೊಬ್ಬರು ಬೈದುಕೊಂಡರು. ಕೊನೆಗೆ ಕಾರಣ ಹಿಡಿದವಳು ಜಿಗುಟೇ.

"ಸರ್, ತಪ್ಪು ನಮ್ಮದಲ್ಲ, ಗಾಳಿದು. ಎಕ್ಸಾಸ್ಟ್ ಫ್ಯಾನ್ ಒಳಗಿನ ಒಣ ಗಾಳಿನ ಹೊರಗೆ ದಬ್ಬುತ್ತೆ, ಬಾಗಿಲ ಸಂದಿಯಿಂದ ತೇವದ ಗಾಳಿ ಒಳಗೆ ಬರುತ್ತೆ. ಹಸಿ ಪದರದ ಮೇಲೆ ಆ ತೇವ ಕೂತು ತೂತು ಬೀಳ್ತಿದೆ."

ಮೇಷ್ಟ್ರು ಅವತ್ತು ಎಳೆ ಹುಡುಗನ ಹಾಗೆ ಕುಣಿದರು. ತಾವೇ ಅಂಗಡಿಗೆ ಹೋಗಿ ಅಗಲ ಟೇಪು ತಂದು, ಸ್ಟೂಲು ಹತ್ತಿ, ಫ್ಯಾನ್ ನಿಲ್ಲಿಸಿ ಅದರ ಬಾಯಿಗೆ ಅಡ್ಡಡ್ಡ ಅಂಟಿಸಿದರು. "ಸರ್, ಬಿದ್ದುಗಿದ್ದೀರಾ, ಅಮ್ಮಾವ್ರು ನನ್ನನ್ನ ಸುಮ್ನೆ ಬಿಡಲ್ಲ" ಎನ್ನುತ್ತ ಜಿಗುಟು ಸ್ಟೂಲಿನ ಕಾಲು ಹಿಡಿದುಕೊಂಡಿದ್ದಳು. ಬಾಗಿಲ ಅಂಚಿಗೂ ಸ್ಪಂಜಿನ ಪಟ್ಟಿ ಬಿತ್ತು. ಒಳಗೆ ಹೋದವರು ತಕ್ಷಣ ಬಾಗಿಲು ಮುಚ್ಚಬೇಕು ಎಂದು ಮೇಷ್ಟ್ರು ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆದರು.

ಅದೇ ವಾರ ಪೊರೆ ಸರಿಯಾಯಿತು.

ಪೊರೆ ಎಳೆಯುವ ಆ ಕೋಣೆ ಮೊದಲು ಉಗ್ರಾಣವಾಗಿತ್ತು. ನಾಲ್ಕು ಜನ ನಿಂತರೆ ಮೈಗೆ ಮೈ ತಾಗುವಷ್ಟು ಚಿಕ್ಕದು, ಕಿಟಕಿಯಿಲ್ಲ. ಮೂಲೆಯಲ್ಲಿ ಆಳೆತ್ತರದ ಎರಡು ಸಾರಜನಕ ಸಿಲಿಂಡರುಗಳಿದ್ದವು. ಆ ಅನಿಲದ ಒತ್ತಡದಿಂದಲೇ ಬಣ್ಣದ ನೀರನ್ನು ಪೊರೆಯ ಮೂಲಕ ನೂಕಿ ಪರೀಕ್ಷೆ ಮಾಡುವುದು. ಸಾರಜನಕ ವಿಷವಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಬಹುಪಾಲು ಅದೇ. ಆದರೆ ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಆಮ್ಲಜನಕಕ್ಕೆ ಜಾಗವಿರುವುದಿಲ್ಲ. ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ, ಉಸಿರು ಕಟ್ಟಿದಂತೆಯೂ ಆಗುವುದಿಲ್ಲ.

"ಸಿಲಿಂಡರ್‌ನ ಆಚೆ ಇಟ್ಟು ಪೈಪ್ ಎಳೆಯೋಣ್ವಾ ಸರ್?" ಎಂದು ಜಿಗುಟು ಒಮ್ಮೆ ಕೇಳಿದ್ದಳು.

"ನೋಡೋಣ, ಈ ಪರೀಕ್ಷೆ ಒಂದು ಮುಗೀಲಿ" ಎಂದಿದ್ದರು ಮೇಷ್ಟ್ರು.

ಶನಿವಾರ ಸಂಜೆ ಮೇಷ್ಟ್ರು ಅವಳಿಗೆ ಫೋನ್ ಮಾಡಿದರು. ಸೋಮವಾರ ಪೊರೆ ಕೊಳ್ಳುವ ಕಂಪನಿಯವರು ಬರುವವರಿದ್ದರು, ಕೋಣೆಯಲ್ಲಿ ನಡೆಯುತ್ತಿದ್ದ ದೀರ್ಘ ಪರೀಕ್ಷೆಯ ಅಂಕಿ ಬೇಕಿತ್ತು. "ನಾಳೆ ಬೆಳಿಗ್ಗೆನೇ ಹೋಗಿ ನೋಡ್ತೀನಿ, ನೀವು ತಲೆ ಕೆಡಿಸ್ಕೋಬೇಡಿ" ಎಂದಳು ಅವಳು. ರಾತ್ರಿ ಯಾವಾಗಲೋ ಪೈಪಿನ ಒಂದು ಜೋಡಣೆ ಸಡಿಲಾಗಿ ಎರಡೂ ಸಿಲಿಂಡರು ಆ ಕೋಣೆಯೊಳಗೆ ಖಾಲಿಯಾದವು. ಬೆಳಿಗ್ಗೆ ಅವಳು ಬಾಗಿಲು ತೆಗೆದಳು, ಒಳಗೆ ಹೋದಳು, ಹಲಗೆಯ ಮೇಲೆ ಬರೆದಿದ್ದಂತೆ ಬಾಗಿಲು ಮುಚ್ಚಿಕೊಂಡಳು. ಮಧ್ಯಾಹ್ನ ಕಾವಲುಗಾರ ಅವಳ ಚಪ್ಪಲಿ ಹೊರಗಿದ್ದದ್ದನ್ನು ನೋಡಿ ಬಾಗಿಲು ತಟ್ಟಿದ.

ಅಂತ್ಯಕ್ರಿಯೆಯ ಮರುದಿನ ಸಂಸ್ಥೆಯ ನಿರ್ದೇಶಕರು ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಧ್ವನಿ ತಗ್ಗಿಸಿ ಮಾತಾಡಿದರು.

"ರಜಾ ದಿನ, ಒಬ್ಬಳೇ, ಲಿಖಿತ ಅನುಮತಿ ಇಲ್ಲದೆ ಬಂದಿದ್ದಾಳೆ. ವಿಚಾರಣೆಯಲ್ಲಿ ಇಷ್ಟು ಹೇಳಿದ್ರೆ ಸಾಕು. ಫ್ಯಾನ್ ವಿಷಯ ಯಾರೂ ಎತ್ತಿಲ್ಲ. ನೀವಾಗಿ ಮೈಮೇಲೆ ಎಳ್ಕೋಬೇಡಿ. ಹೋದವಳಂತೂ ಬರಲ್ಲ, ಇರೋ ಇಪ್ಪತ್ತು ಮಕ್ಕಳ ಗತಿ ನೋಡಿ."

ವಿಚಾರಣೆಯ ಮೊದಲ ದಿನ ಮೇಷ್ಟ್ರ ಬಾಯಿಂದ ನಿರ್ದೇಶಕರ ಮಾತುಗಳೇ ಬಂದವು. ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತು, ಕಲಸಿದ್ದನ್ನು ಹಾಗೇ ಬಿಟ್ಟು ಎದ್ದರು.

ಅದಾದ ವಾರಕ್ಕೆ ಹುಡುಗಿಯ ತಂದೆ ಅವಳ ಸಾಮಾನು ಒಯ್ಯಲು ಬಂದರು. ಅವರು ಬಸ್ ಕಂಡಕ್ಟರ್. ದಿನವಿಡೀ ಜನರ ಗದ್ದಲದ ಮೇಲೆ ಕೂಗಿ ಕೂಗಿ ಒರಟಾದ ಗಂಟಲು. ಕುರ್ಚಿಯ ತುದಿಯಲ್ಲಿ ಕೂತರು. ಮೇಷ್ಟ್ರು ನೀರು ಕೊಟ್ಟರು. ಕುಡಿದು ಲೋಟ ಕೆಳಗಿಟ್ಟು, ಕಂಡಕ್ಟರ್ ಎದ್ದು ನಿಂತರು.

"ಸರ್, ತಪ್ಪು ತಿಳ್ಕೋಬೇಡಿ. ಚಿಕ್ಕಂದಿನಿಂದಲೂ ನಮ್ಮ ಹುಡುಗಿದು ಸ್ವಲ್ಪ ದುಡುಕು. ಯಾರ ಮಾತೂ ಕೇಳೋಳಲ್ಲ. ಹೇಳದೆ ಕೇಳದೆ ಬಂದು ಹೀಗೆ ಮಾಡ್ಕೊಂಡಳು ಅಂತ ಆಫೀಸಲ್ಲಿ ಹೇಳಿದ್ರು. ನಿಮ್ಮಂಥೋರ ಹೆಸರಿಗೆ ಮಸಿ ಹತ್ತೋ ಹಾಗಾಯ್ತು. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಮೇಷ್ಟ್ರೂ ಎದ್ದು ನಿಂತರು.

"ಅವಳು ದುಡುಕಲಿಲ್ಲ" ಎಂದರು. "ಹೇಳಿದ ಮಾತು ಕೇಳಿದಳು. ಬಾ ಅಂದೆ, ಬಂದಳು. ಬಾಗಿಲು ಮುಚ್ಚಬೇಕು ಅಂತ ಬರೆದಿದ್ದೆ, ಮುಚ್ಚಿದಳು."

ಕಂಡಕ್ಟರಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ಅವರನ್ನು ಆ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಮೊದಲಿಂದ ಕೊನೆಯವರೆಗೆ ಹೇಳಿದರು. ಸಿಲಿಂಡರ್ ಹೊರಗಿಡೋಣ ಎಂದು ಅವಳು ಕೇಳಿದ್ದನ್ನೂ ಹೇಳಿದರು. ಹೇಳುತ್ತ ತಲೆಯೆತ್ತಿ ನೋಡಿದರೆ ಫ್ಯಾನಿನ ಮೇಲೆ ಟೇಪೇ ಇರಲಿಲ್ಲ. ಯಾರೋ ಕಿತ್ತು ಒರೆಸಿದ್ದರು. ಅಂಟಿನ ಗುರುತು ಮಾತ್ರ ಚೌಕಾಕಾರವಾಗಿ ಉಳಿದು ಅದರ ಮೇಲೆ ಧೂಳು ಕೂತಿತ್ತು.

ಕಂಡಕ್ಟರ್ ಸ್ಟೂಲು ಹತ್ತಿ ಆ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇಲ್ಲಿತ್ತಾ?"

"ಇಲ್ಲೇ ಇತ್ತು."

"ಕಿತ್ತಿದ್ದು ಯಾರು?"

"ಗೊತ್ತಿಲ್ಲ. ನಾನಲ್ಲ."

"ಅಂಟಿಸಿದ್ದು?"

"ನಾನು."

ಕಂಡಕ್ಟರ್ ಕೆಳಗಿಳಿದರು. ಹೊಡೆಯುತ್ತಾರೆ ಎಂದುಕೊಂಡರು ಮೇಷ್ಟ್ರು. ಹೊಡೆಯಲಿ ಎಂದೂ ಅನಿಸಿತು. ಕಂಡಕ್ಟರ್ ಕೈಯೆತ್ತಲಿಲ್ಲ.

"ಇದನ್ನ ನನ್ನ ಒಬ್ಬನ ಕಿವಿಗೆ ಹಾಕಿ ಹಗುರಾಗಿ ಮನೆಗೆ ಹೋಗೋ ಹಾಗಿಲ್ಲ ಸರ್" ಎಂದರು. "ನಾಲ್ಕು ಜನರ ಮುಂದೆ ಹೇಳಿ. ನನ್ನ ಮಗಳು ದುಡುಕಿ ಸತ್ತಳು ಅಂತ ಊರೆಲ್ಲ ನಾನೇ ಹೇಳ್ಕೊಂಡು ಬಂದಿದೀನಿ."

ಮೇಷ್ಟ್ರ ಕೋಣೆಗೆ ಮರಳಿ, ಮಗಳ ಸಾಮಾನಿನ ಚೀಲ ಹೆಗಲಿಗೇರಿಸಿ ಹೋದರು. ಕುಡಿದ ನೀರಿನ ಲೋಟವನ್ನು ತಿರುಗಿಯೂ ನೋಡಲಿಲ್ಲ.

ಮೇಷ್ಟ್ರು ವಿಚಾರಣೆಯಲ್ಲಿ ತಮ್ಮ ಮೊದಲ ಹೇಳಿಕೆ ಹಿಂದಕ್ಕೆ ಪಡೆದು ಎಲ್ಲವನ್ನೂ ಹೇಳಿದರು. ಟೇಪು ಎಲ್ಲಿ ಎಂದು ವಿಚಾರಣೆ ನಡೆಸುತ್ತಿದ್ದವರು ಕೇಳಿದರು. ಯಾರೋ ಕಿತ್ತಿದ್ದಾರೆ ಎಂದರು ಮೇಷ್ಟ್ರು. ದುಃಖದಲ್ಲಿ ಏನೇನೋ ಮಾತಾಡುತ್ತಿದ್ದಾರೆ ಎಂದು ನಿರ್ದೇಶಕರು ಕನಿಕರದಿಂದ ಹೇಳಿದರು. ಕೊನೆಗೆ ವರದಿಯಲ್ಲಿ ಇಬ್ಬರ ಅಜಾಗರೂಕತೆ ಎಂದು ಬಂತು: ಸತ್ತವಳದು, ಗೈಡ್‌ನದು. ಸಂಸ್ಥೆಯದು ಏನೂ ಇರಲಿಲ್ಲ. ಮೇಷ್ಟ್ರ ಕೆಲಸ ಹೋಯಿತು, ಮೇಲೆ ಪೊಲೀಸ್ ಕೇಸು ಬಿತ್ತು. ಕಂಪನಿಯವರು ಬೇರೆ ಕಡೆಯಿಂದ ಪೊರೆ ತರಿಸಿಕೊಂಡರು. ವಿದ್ಯಾರ್ಥಿಗಳು ಬೇರೆ ಬೇರೆ ಗೈಡ್‌ಗಳ ಬಾಗಿಲಲ್ಲಿ ನಿಂತರು. ಅವರಲ್ಲಿ ಇಬ್ಬರು ಓದೇ ಬಿಟ್ಟರು. ನಿರ್ದೇಶಕರು ಇನ್ನೂ ದೊಡ್ಡ ಕುರ್ಚಿಗೆ ಹೋದರು.

ಮೇಷ್ಟ್ರ ಹೆಂಡತಿ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಒಂದು ದಿನ ಬಟ್ಟೆ ಮಡಿಸುತ್ತ ಕೇಳಿದರು, "ಹೇಳೋದಿದ್ರೆ ಮೊದಲನೇ ದಿನವೇ ಯಾಕೆ ಹೇಳಲಿಲ್ಲ? ಟೇಪು ಆಗ ಅಲ್ಲೇ ಇತ್ತು."

"ಹೆದರಿದ್ದೆ."

"ಆ ಹುಡುಗಿ ಈ ಅಡುಗೆಮನೆಯಲ್ಲಿ ಕೂತು ಉಂಡು ಹೋದವಳು ರೀ" ಎಂದರು ಅವರು. ಮಡಿಸಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಕಂಡಕ್ಟರ್ ಹೇಳದೆ ಕೇಳದೆ ಮೇಷ್ಟ್ರ ಮನೆಗೆ ಬಂದರು. ಜೊತೆಗೆ ಹುಡುಗಿಯ ತಾಯಿ ಇದ್ದರು. ಮಗಳು ಹೋದಾಗಿನಿಂದ ಆಕೆ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲವಂತೆ. "ಏನೋ ಕೇಳ್ಬೇಕಂತೆ ನಿಮ್ಮನ್ನ. ಕೇಳಿ ಹೋಗ್ತಾಳೆ" ಎಂದು ಕಂಡಕ್ಟರ್ ಬಾಗಿಲ ಬಳಿಯೇ ನಿಂತರು. ಕೂರಲಿಲ್ಲ.

ಮೇಷ್ಟ್ರ ಹೆಂಡತಿ ಒಳಗಿನಿಂದ ಬಂದು ಆ ತಾಯಿಯ ಪಕ್ಕ ನೆಲದ ಮೇಲೆ ಕೂತರು.

"ಅವಳಿಗೆ ಸಂಕಟ ಆಯ್ತಾ?" ಎಂದು ತಾಯಿ ಕೇಳಿದರು.

"ಇಲ್ಲಮ್ಮ" ಎಂದರು ಮೇಷ್ಟ್ರು. "ಅದು ಗೊತ್ತಾಗಲ್ಲ. ಎರಡು ಉಸಿರು ತಗೊಳ್ಳೋದರೊಳಗೆ ಎಚ್ಚರ ತಪ್ಪುತ್ತೆ. ನಿದ್ದೆ ಹತ್ತಿದ ಹಾಗೆ."

"ನಿಮಗೆ ಹೇಗೆ ಗೊತ್ತು?"

ಪುಸ್ತಕದಲ್ಲಿ ಓದಿದ್ದು ಎನ್ನಲು ಹೊರಟಿದ್ದರು ಮೇಷ್ಟ್ರು. ಬದುಕಿ ಬಂದು ಹೇಳಿದವರೂ ಉಂಟು, ವೈದ್ಯರೂ ಹಾಗೇ ಹೇಳುತ್ತಾರೆ, ಎಲ್ಲವೂ ನಿಜ. ಆದರೆ ಅವಳನ್ನು ಎತ್ತಿದಾಗ ಅವಳ ಕೈ ಬಾಗಿಲ ಕಡೆ ಚಾಚಿತ್ತು ಎಂದು ಕಾವಲುಗಾರ ಅವರಿಗೆ ಹೇಳಿದ್ದ.

"ನನಗೆ ಗೊತ್ತಿಲ್ಲಮ್ಮ" ಎಂದರು.

ತಾಯಿ ತಲೆಯಾಡಿಸಿದರು. ಗಂಡನ ಕಡೆ ನೋಡಿದರು. ಕಂಡಕ್ಟರ್ ಬಂದು ಅವರ ರಟ್ಟೆ ಹಿಡಿದು ಎಬ್ಬಿಸಿದರು. ಮೇಷ್ಟ್ರ ಹೆಂಡತಿ ಗೇಟಿನವರೆಗೆ ಹೋಗಿ, ಅವರು ಬಸ್‌ಸ್ಟಾಪಿನ ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು.